ಹಗೇವಿನೊಳಗಿನ ದನಿ

ನಮ್ಮ ಸೀಮೆಯಲ್ಲಿ 'ಧಾರವಾಡಕ್ಕೆ ಕಳಿಸುವುದು' ಎಂಬ ಮಾತಿಗೆ ಎರಡು ಅರ್ಥಗಳಿದ್ದವು. ಮ್ಯಾಟ್ರಿಕ್ ಪಾಸಾದ ಹುಡುಗನನ್ನು ಧಾರವಾಡಕ್ಕೆ ಕಳಿಸುತ್ತಾರೆಂದರೆ ಕಾಲೇಜಿಗೆ ಎಂದು ತಿಳಿಯಬೇಕು. ಉಳಿದವರ ವಿಷಯದಲ್ಲಿ ಆ ಮಾತು ಬಂದರೆ ಅದು ಹುಚ್ಚಾಸ್ಪತ್ರೆಗೆ. ಗುಡಿಯ ಕಟ್ಟೆಯ ಮೇಲೆ ಯಾರಾದರೂ ತಿಕ್ಕಲು ಮಾತು ಆಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕ್ರಿ" ಎಂದು ಹಿರಿಯರು ನಗುತ್ತಿದ್ದರು. ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿರುವ ನಮ್ಮ ಮನೆಯಿಂದ ಇಬ್ಬರು ಧಾರವಾಡಕ್ಕೆ ಹೋದೆವು. 1967ರಲ್ಲಿ ನಾನು ಹೋದೆ. 1969ರಲ್ಲಿ ನಮ್ಮ ಕಾಕಾ ಹೋದ. ಅವನು ಹೋಗಬೇಕಾದದ್ದು 1962ರಲ್ಲಿ. ನಡುವಿನ ಆ ಏಳು ವರ್ಷ ಎಲ್ಲಿ ಹೋದವು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಹಳೆಯ ಕಾಯಿದೆ, ವರದಿಗಳ ಬೆನ್ನು ಹತ್ತಿ ನಾನು ಓದತೊಡಗಿದ್ದೇ ಆ ಕಾರಣದಿಂದ.

ಕಾಕಾ ನಮ್ಮ ತಂದೆಯವರ ಕೊನೆಯ ತಮ್ಮ. ಏಳನೆಯ ಇಯತ್ತೆಯವರೆಗೆ ಓದಿದ್ದ. ಭಜನಾ ಮೇಳದಲ್ಲಿ ತಾಳ ಹಿಡಿಯುತ್ತಿದ್ದ. ಇಪ್ಪತ್ತೊಂದನೆಯ ವಯಸ್ಸಿಗೆ, ಸುಗ್ಗಿ ಮುಗಿದ ಮೇಲೆ, ಅವನ ನಿದ್ರೆ ಹೋಯಿತು. ಮೊದಮೊದಲು ಯಾರಿಗೂ ಅದು ದೊಡ್ಡದೆನಿಸಲಿಲ್ಲ. ಮೇಳಕ್ಕೆ ಹೋಗುವುದನ್ನು ಬಿಟ್ಟ, ಮಾತು ಕಡಿಮೆ ಮಾಡಿದ, ಮೈ ತೊಳೆಯುವುದನ್ನು ಮರೆತ. ಮದುವೆಯ ಮಾತೆತ್ತಿದ್ದಕ್ಕೆ ಹೀಗಾಡುತ್ತಾನೆ ಎಂದು ಕೆಲವರು, ಮೈಗಳ್ಳ ಎಂದು ಕೆಲವರು. ಬಳಿಕ ಒಂದು ದಿನ ಅಂಗಳದಲ್ಲಿದ್ದ ಹಗೇವಿನ ಬಾಯಿಯ ಮೇಲೆ ಕಲ್ಲು ಹೇರತೊಡಗಿದ. ಜೋಳ ತುಂಬಿಡುವ ಆ ನೆಲಮಾಳಿಗೆಯನ್ನು ತೆರೆಯಬಂದವರ ಮೇಲೆ ಕೈಯೆತ್ತಿದ. ಅದರ ಜೋಳದಿಂದ ಮಾಡಿದ ರೊಟ್ಟಿಯನ್ನು ಮುಟ್ಟದಾದ. ಆಸ್ತಿಯ ಪಾಲಿಗಾಗಿ ಈ ಹಟವೆಂದು ದಾಯಾದಿಗಳು ನಂಬಿದರು. ನಮ್ಮ ಆಯಿ ಮಾತ್ರ ಮಗನಿಗೆ ಯಾರೋ ಮಾಡಿಸಿಹಾಕಿದ್ದಾರೆಂದು ಹತ್ತಾರು ಕಡೆ ತಾಯಿತ ಕಟ್ಟಿಸಿಕೊಂಡು ಬಂದಳು. ಎರಡನೆಯ ವರ್ಷದಿಂದ ಅವನನ್ನು ಎತ್ತು ಕಟ್ಟುವ ಸರಪಳಿಯಿಂದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ಕಟ್ಟಿದವರು ನಮ್ಮ ತಂದೆಯವರೇ. ಅವರು ಕ್ರೂರಿಗಳಲ್ಲ, ತಮ್ಮ ಎಲ್ಲಿಯಾದರೂ ಹೊಳೆಯ ಪಾಲಾದಾನೆಂಬ ಹೆದರಿಕೆ ಅವರಿಗೆ.

ಕೇಳುಗರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಅವನು ಮಾಡಿದ್ದನ್ನೆಲ್ಲ ಊರು ನೋಡಿತು, ಅದಕ್ಕೆ ಹತ್ತು ಕಾರಣಗಳನ್ನೂ ಹುಡುಕಿತು. ನಿನಗೇನು ಕೇಳಿಸುತ್ತಿದೆ, ನಿನಗೇನು ಅನಿಸುತ್ತಿದೆ ಎಂದು ಮಾತ್ರ ಒಬ್ಬರೂ ಅವನನ್ನು ಕೇಳಲಿಲ್ಲ. ಈ ಕುರುಡು ನಮ್ಮ ಊರೊಂದರದೇ ಎಂದು ನಾನು ಮೊದಲು ತಿಳಿದಿದ್ದೆ. ಓದುತ್ತ ಹೋದಂತೆ ಅದಕ್ಕೆ ಬಹು ದೊಡ್ಡ ಚರಿತ್ರೆಯಿರುವುದು ತಿಳಿಯಿತು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಸೂಕ್ಷ್ಮಮತಿಗಳು. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದಕ್ಕೆ ಕೊಟ್ಟಿರುವ ಲಕ್ಷಣವನ್ನು ನೋಡಿರಿ. ಮನಸ್ಸು, ಬುದ್ಧಿ, ಎಚ್ಚರದ ಅರಿವು, ನೆನಪು, ಒಲವು, ಶೀಲ, ಚಲನವಲನ, ಆಚಾರ ಈ ಎಂಟೂ ದಾರಿ ತಪ್ಪುವುದೇ ಉನ್ಮಾದ ಎಂದು ಅಲ್ಲಿ ಹೇಳಿದೆ. ಈ ಎಂಟರಲ್ಲಿ ಕೊನೆಯ ಮೂರು ಹೊರಗಿನವರಿಗೆ ಕಾಣುವಂಥವು. ಉಳಿದವುಗಳನ್ನು ಕೇಳಿಯೇ ತಿಳಿಯಬೇಕು. ಚಿಕಿತ್ಸೆಯಲ್ಲಿ ಔಷಧದೊಡನೆ ಸ್ನೇಹಿತರ ಸಾಂತ್ವನದ ಮಾತಿಗೂ ಸ್ಥಾನವಿತ್ತು. ರೋಗಿಯನ್ನು ಹೆದರಿಸುವ ಉಪಾಯಗಳೂ ಆ ಗ್ರಂಥದಲ್ಲಿ ಇವೆಯೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಶತಮಾನಗಳು ಕಳೆದಂತೆ ಸಾಂತ್ವನ ಹಿಂದೆ ಬಿದ್ದು, ಹೆದರಿಸುವುದೇ ಹಳ್ಳಿಗಳಲ್ಲಿ ಮುಂದೆ ಬಂದಿತೆಂದು ನನ್ನ ಎಣಿಕೆ.

ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ಪ್ರಾರಂಭವಾದದ್ದು 1845ರಲ್ಲಿ. ಆಗ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಎರಡು ವರ್ಷಗಳ ನಂತರ, 1847ರಲ್ಲಿ, ಬೆಂಗಳೂರಿನಲ್ಲಿಯೂ ಅಂಥದೊಂದು ಆಲಯ ತೆರೆಯಿತು. ಕಾಕತಾಳೀಯವೆನ್ನಿ, ಅದೇ 1845ರಲ್ಲಿ ವಿಯೆನ್ನಾದ ವೈದ್ಯ ಫಾಯ್ಖ್ಟರ್ಸ್‌ಲೇಬೆನ್ ತನ್ನ ಗ್ರಂಥದಲ್ಲಿ 'ಸೈಕೋಸಿಸ್' ಎಂಬ ಶಬ್ದವನ್ನು ಬಳಸಿ ಅದನ್ನು ವೈದ್ಯರ ನಾಲಗೆಗೆ ತಂದ. ಕನ್ನಡದಲ್ಲಿ ನಾವು ಅದನ್ನು ಚಿತ್ತವಿಕಲತೆ ಎನ್ನುತ್ತೇವೆ. ಶಬ್ದ ವಿಯೆನ್ನಾದಲ್ಲಿ, ಗೋಡೆ ಧಾರವಾಡದಲ್ಲಿ, ಒಂದೇ ವರ್ಷ ಎದ್ದವು. ಆದರೆ ಆ ಗೋಡೆಯನ್ನು ಎಬ್ಬಿಸಿದವರ ಮುಖ್ಯ ಚಿಂತೆ ರೋಗದ್ದಾಗಿರಲಿಲ್ಲ, ಬೀದಿಯ ಶಾಂತಿಯದಾಗಿತ್ತು. 1858ರ 36ನೆಯ ಕಾಯಿದೆಯು ಅಲೆದಾಡುವ ಅಥವಾ ಅಪಾಯಕಾರಿಯಾದ ಹುಚ್ಚರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕೆಲಸವನ್ನು ಪೊಲೀಸರಿಗೆ ವಹಿಸಿತು. ಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತು ಕರಗಿಹೋಗುವವನು ಈ ಕಾಯಿದೆಯ ಕಣ್ಣಿಗೆ ಬೀಳುವ ಹಾಗಿರಲಿಲ್ಲ.

ಹೀಗೆ ಹಿಡಿದು ತಂದವರ ಜೊತೆ ಒಂದು ವಿವರದ ಪತ್ರ ಬರುತ್ತಿತ್ತು. ಅದರಲ್ಲಿ ಹುಚ್ಚಿಗೆ ಕಾರಣವೇನೆಂಬುದನ್ನು ಬರೆಯಲು ಒಂದು ಜಾಗ. ಅದನ್ನು ಖಾಲಿ ಬಿಡುವಂತಿಲ್ಲ. ತುಂಬುವವನು ಬಹುಶಃ ಪೊಲೀಸ್ ಠಾಣೆಯ ಕಾರಕೂನ. ರೋಗಿ ಯಾವ ಊರಿನವನೆಂಬುದೇ ಗೊತ್ತಿಲ್ಲದಿರುವಾಗ ಕಾರಣ ಎಲ್ಲಿಂದ ಬರಬೇಕು? 'ಗಾಂಜಾ' ಎಂದು ಬರೆದರೆ ಕೆಲಸ ಮುಗಿಯಿತು. ಈ ಗುಟ್ಟು ಬಯಲಾದದ್ದು 1893-94ರ ಭಾರತೀಯ ಗಾಂಜಾ ಆಯೋಗದಿಂದ. ಗಾಂಜಾದಿಂದ ಹುಚ್ಚು ಹಿಡಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಹೊರಟ ಆಯೋಗದವರು 1892ನೆಯ ಇಸವಿಯಲ್ಲಿ ಹುಚ್ಚಾಸ್ಪತ್ರೆಗಳಿಗೆ ಸೇರಿದ 1,344 ಜನರ ಕಾಗದಪತ್ರಗಳನ್ನು ತೆರೆದು ನೋಡಿದರು. 222 ಜನರ ಹೆಸರಿನ ಮುಂದೆ ಕಾರಣ ಗಾಂಜಾ, ಭಂಗಿಯೆಂದು ಬರೆದಿತ್ತು. ಒಬ್ಬೊಬ್ಬರ ಊರಿನಲ್ಲಿಯೂ ವಿಚಾರಣೆ ನಡೆದ ಮೇಲೆ ಉಳಿದದ್ದು 98. ಅದರಲ್ಲಿಯೂ ಗಾಂಜಾ ಒಂದೇ ಕಾರಣವೆನ್ನಬಹುದಾದವು 61. ವರ್ಷಗಟ್ಟಲೆ ಸರಕಾರದ ವರದಿಗಳಲ್ಲಿ ಅಚ್ಚಾಗಿ, ಪಾರ್ಲಿಮೆಂಟಿನವರೆಗೂ ಹೋದ ಸಿದ್ಧಾಂತದ ಬುಡದಲ್ಲಿ ಇದ್ದದ್ದು ಖಾಲಿ ಜಾಗಕ್ಕೆ ಹೆದರಿದ ಕಾರಕೂನನ ಲೇಖಣಿ! ಗಾಂಜಾ ನಿರ್ದೋಷಿಯೆಂದು ಇದರಿಂದ ಯಾರೂ ತಿಳಿಯಬಾರದು. ಎಳೆಯ ವಯಸ್ಸಿನಲ್ಲಿ ಅದರ ಅತಿಯಾದ ಸೇವನೆ ಚಿತ್ತವಿಕಲತೆಯ ಸಂಭವವನ್ನು ಹೆಚ್ಚಿಸುತ್ತದೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ನಾನು ಹೇಳುವುದು ಬರೆಯುವ ಆತುರದ ಬಗ್ಗೆ.

ಅತ್ತ ಯುರೋಪಿನಲ್ಲಿ ಇದೇ ಕಾಲದಲ್ಲಿ ಜರ್ಮನಿಯ ಕ್ರೇಪೆಲಿನ್ ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿ, ಎಳೆಯರಲ್ಲಿ ಆರಂಭವಾಗಿ ಬುದ್ಧಿಯನ್ನು ಸವೆಸುವ ಒಂದು ರೋಗವನ್ನು ಬೇರೆಯಾಗಿ ಗುರುತಿಸಿದ. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಅದಕ್ಕೆ ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು ಕೊಟ್ಟ. ಬ್ಲಾಯ್ಲರನ ಹೆಚ್ಚುಗಾರಿಕೆ ಹೆಸರಿನದಲ್ಲ. ರೋಗಿಗಳ ಅಸಂಬದ್ಧವೆನಿಸುವ ಮಾತಿಗೂ ಅರ್ಥವಿದ್ದೀತೆಂದು ಅವನು ಅವರ ನಡುವೆ ಬಾಳಿ, ಕಿವಿಗೊಟ್ಟು ಕೇಳಿದ. ನಮ್ಮಲ್ಲಿ 1912ರ ಲೂನಸಿ ಆಕ್ಟ್ ಬಂದಿತು. ರೋಗಿಯನ್ನು ಆಸ್ಪತ್ರೆಗೆ ಸೇರಿಸಲು ಸಂಬಂಧಿಕರು ಅರ್ಜಿ ಸಲ್ಲಿಸಬೇಕು, ಇಬ್ಬರು ವೈದ್ಯರ ಪ್ರಮಾಣಪತ್ರ ಲಗತ್ತಿಸಬೇಕು, ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬೇಕು. ಆ ಅರ್ಜಿಯ ನಮೂನೆಯಲ್ಲಿಯೂ 'ಊಹಿಸಿದ ಕಾರಣ'ಕ್ಕೆ ಒಂದು ಸಾಲು ಉಳಿದುಕೊಂಡಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ರಾಜ್ಯಗಳು ಬದಲಾದರೂ 1969ರಲ್ಲಿ ನಮ್ಮ ತಂದೆಯವರ ಕೈಗೆ ಬಂದದ್ದು ಆ 1912ರ ನಮೂನೆಯೇ.

ನಾನು ಆಗ ಕಾಲೇಜಿನಲ್ಲಿದ್ದೆ. ಸಹಪಾಠಿಯೊಬ್ಬನ ಅಣ್ಣ ಇದೇ ರೋಗದಿಂದ ನರಳಿ ಗುಣ ಕಂಡದ್ದನ್ನು ಕೇಳಿ, ರಜೆಗೆ ಊರಿಗೆ ಹೋದಾಗ ತಂದೆಯವರೊಡನೆ ಎರಡು ದಿನ ವಾದ ಮಾಡಿದೆ. "ಮಂದಿ ಏನಂದಾರೋ ತಮ್ಮಾ, ನಿನ್ನ ತಂಗೀಗೆ ವರ ಹ್ಯಾಂಗ ಬಂದಾವು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಆಯಿ ಒಪ್ಪಿದ್ದರಿಂದ ಅವರೂ ಒಪ್ಪಿದರು. ಜಮಖಂಡಿಯಲ್ಲಿ ಅರ್ಜಿ ತುಂಬುವಾಗ 'ಊಹಿಸಿದ ಕಾರಣ' ಎಂಬಲ್ಲಿ ಅವರು ಬಹಳ ಹೊತ್ತು ಯೋಚಿಸಿ 'ಹೊಲದ ತಂಟೆ' ಎಂದು ಬರೆದರು. ನಮ್ಮ ಹೊಲಕ್ಕೆ ಯಾವ ತಂಟೆಯೂ ಇರಲಿಲ್ಲ.

ಧಾರವಾಡದ ಆಸ್ಪತ್ರೆಯಲ್ಲಿ ಕಾಕಾನನ್ನು ನೋಡಿದ ವೈದ್ಯರು ವಯಸ್ಸಾದವರು. ನಾವು ಒಂದೇ ಉಸಿರಿಗೆ ಹೇಳಿದ ಕಲ್ಲು, ಬೈಗುಳ, ಹರಿದ ಅಂಗಿಗಳ ಕಥೆಯನ್ನು ಕೇಳಿಸಿಕೊಂಡು, ನಮ್ಮನ್ನು ಸುಮ್ಮನಿರಿಸಿ, ಅವನ ಕಡೆಗೆ ಕುರ್ಚಿ ಎಳೆದುಕೊಂಡರು. "ಯಾರೂ ಇಲ್ಲದಾಗ ಮಾತು ಕೇಳಸ್ತಾವೇನ್ರಿ ನಿಮಗ?" ಎಂದರು. ಕಾಕಾ ತಲೆಯೆತ್ತಿದ. ಏಳು ವರ್ಷಗಳಲ್ಲಿ ಅವನು ಒಬ್ಬರ ಮುಖವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. "ನಿಮಗೂ ಕೇಳಸ್ತಾವೇನ್ರಿ?" ಎಂದ.

ಆಮೇಲೆ ಅವನು ಹೇಳಿದ್ದು ಇಷ್ಟು. ಹಗೇವಿನೊಳಗೆ ಇಬ್ಬರಿದ್ದರು. ಅವರು ರಾತ್ರಿಯಿಡೀ ಅವನ ಬಗ್ಗೆ ಮಾತಾಡುತ್ತಿದ್ದರು. ಅವನು ಎದ್ದರೆ 'ಎದ್ದ' ಎನ್ನುವರು, ಕುಳಿತರೆ 'ಕುಂತ' ಎನ್ನುವರು. ಜೋಳಕ್ಕೆ ವಿಷ ಬೆರೆಸಿದ್ದೇವೆಂದೂ ಅವರೇ ಹೇಳಿದ್ದರು. ಅವರು ಹೊರಗೆ ಬಂದು ಮನೆಯವರನ್ನೆಲ್ಲ ಕೊಲ್ಲದಿರಲೆಂದು ಅವನು ಬಾಯಿಗೆ ಕಲ್ಲು ಹೇರುತ್ತಿದ್ದ. ತಂದೆಯವರು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರು.

ಚಿತ್ತವಿಕಲತೆಯ ಲಕ್ಷಣಗಳನ್ನು ನಾನು ಪುಸ್ತಕಗಳಿಂದ ಬಳಿಕ ಕಲಿತೆನಾದರೂ, ಅವೆಲ್ಲವೂ ಆ ಮಾತುಗಳಲ್ಲಿಯೇ ಇದ್ದವು. ಇಲ್ಲದ ದನಿ ಕೇಳಿಸುವುದು ಒಂದು. ಅದು ನೆನಪಿನಂತೆಯೋ ಕಲ್ಪನೆಯಂತೆಯೋ ಒಳಗೆ ಮೂಡುವುದಲ್ಲ. ಈಗ ನನ್ನ ದನಿ ನಿಮಗೆ ಕೇಳಿಸುತ್ತಿದೆಯಲ್ಲ, ಅಷ್ಟೇ ನಿಜವಾಗಿ ಹೊರಗಿನಿಂದ ಬರುತ್ತದೆ. ಕೆಲವರಿಗೆ ಇಲ್ಲದ ರೂಪ ಕಾಣಬಹುದು, ಇಲ್ಲದ ವಾಸನೆ ಬರಬಹುದು. ದನಿ ನಿಜವೆನಿಸಿದ ಮೇಲೆ ಅದಕ್ಕೊಂದು ವಿವರಣೆ ಬೇಕಷ್ಟೆ. ಯಾರೋ ಹಿಂಬಾಲಿಸುತ್ತಿದ್ದಾರೆ, ವಿಷ ಹಾಕುತ್ತಿದ್ದಾರೆ, ನನ್ನ ಆಲೋಚನೆ ಊರಿಗೆಲ್ಲ ಕೇಳುತ್ತಿದೆ ಎಂಬ ನಂಬಿಕೆಗಳು ಹೀಗೆ ಕಟ್ಟಿಕೊಳ್ಳುತ್ತವೆ. ದನಿಯಿಲ್ಲದೆ ತಾವಾಗಿಯೇ ಹುಟ್ಟುವುದೂ ಉಂಟು. ನಾವು ಎಷ್ಟೇ ವಾದಿಸಿದರೂ ಅವು ಕದಲುವುದಿಲ್ಲ, ಏಕೆಂದರೆ ಅವನ ಸಾಕ್ಷಿ ಅವನ ಕಿವಿಯಲ್ಲಿಯೇ ಇದೆ. ಇನ್ನು ಕೆಲವರಲ್ಲಿ ಮಾತಿನ ಎಳೆಯೇ ಕಡಿಯುತ್ತದೆ. ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಂಟಿರುವುದಿಲ್ಲ. ಇವುಗಳಿಗಿಂತ ಮೋಸದ ಲಕ್ಷಣವೆಂದರೆ ಉತ್ಸಾಹ ಬತ್ತುವುದು: ಮಾತಿಲ್ಲ, ಸ್ನಾನವಿಲ್ಲ, ನಗೆಯಿಲ್ಲ, ಅಳುವಿಲ್ಲ. ಅದನ್ನೇ ನಾವು ಮೈಗಳ್ಳತನವೆಂದದ್ದು. ಕೊನೆಯದಾಗಿ, ತನಗೆ ರೋಗವಿದೆಯೆಂಬ ಅರಿವೇ ರೋಗಿಗೆ ಇರದಿರಬಹುದು. ಕಾಲು ಮುರಿದವನು ತಾನೇ ವೈದ್ಯನ ಮನೆಗೆ ಹೋದಾನು. ಈ ರೋಗದಲ್ಲಿ ಪಕ್ಕದಲ್ಲಿರುವವರ ಕಣ್ಣೇ ಬೇಕು.

ಈ ಲಕ್ಷಣಗಳೆಲ್ಲ ಒಂದೇ ರೋಗದವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಹೆಂಗಸರಿಗೆ ಗೊತ್ತಿರುವ ಬಾಣಂತಿ ಸನ್ನಿ ಇದೇ ಜಾತಿಯದು, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕಾದದ್ದು. ತೀವ್ರ ಜ್ವರ, ಕುಡಿತವನ್ನು ತಟ್ಟನೆ ನಿಲ್ಲಿಸಿದ್ದು, ಮೂರ್ಛೆ ರೋಗ, ಮುಪ್ಪಿನ ಮರೆವು ಇವುಗಳಲ್ಲಿಯೂ ಇಲ್ಲದ್ದು ಕಾಣಬಹುದು. ದನಿ ಕೇಳಿದವರೆಲ್ಲರೂ ರೋಗಿಗಳಲ್ಲ ಎಂಬುದು ಇನ್ನೊಂದು ಮಾತು. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರಿಬ್ಬರು ಆಗಿನ ದಕ್ಷಿಣ ಕನ್ನಡದ ಕೋಟದಲ್ಲಿ ಮನೆಮನೆಯ ಸಮೀಕ್ಷೆ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಇವರೆಲ್ಲರ ಬಳಿಗೂ ಜನ ತಮ್ಮ ಸಂಕಟವನ್ನು ಒಯ್ಯುವುದನ್ನು ಅವರು ಅಲ್ಲಿ ಕಂಡರು. ಮೈಮೇಲೆ ದೇವರು ಬಂದವನು ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ, ಹತ್ತು ಜನರ ನಡುವೆ ನುಡಿಯುತ್ತಾನೆ. ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುತ್ತಾನೆ. ಕಾಕಾನ ಹಗೇವಿನವರಿಗೆ ದಿನವೂ ಇರಲಿಲ್ಲ, ಹೊತ್ತೂ ಇರಲಿಲ್ಲ, ಅವರ ಮಾತು ಅವನೊಬ್ಬನಿಗೇ. ಈ ಭೇದ ಹಳ್ಳಿಯವರಿಗೆ ತಿಳಿಯದ್ದೇನಲ್ಲ. ತಮ್ಮ ಮನೆಯ ಮಾತು ಬಂದಾಗ ಮರೆಯುತ್ತಾರೆ.

ಔಷಧದ ಚರಿತ್ರೆಯನ್ನು ಚಿಕ್ಕದಾಗಿ ಹೇಳುವೆ. ನಮ್ಮ ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಔಷಧವೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರು. ಪಶ್ಚಿಮದ ಕಣ್ಣು ಅದರ ಮೇಲೆ ಬೀಳಲು ಇಪ್ಪತ್ತು ವರ್ಷ ಬೇಕಾದವು. 1952ರಲ್ಲಿ ಪ್ಯಾರಿಸಿನ ಡಿಲೇ ಮತ್ತು ಡೆನಿಕೇರ್ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಚಿತ್ತವಿಕಲರಿಗೆ ಕೊಟ್ಟು ಫಲ ಕಂಡರು. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಸಂದೇಶವನ್ನು ತಗ್ಗಿಸುವುದು ಅದರ ಕೆಲಸ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಮಿದುಳು ಗುರುತು ಹಾಕುವುದರಲ್ಲಿ ಡೋಪಮೀನಿನ ಪಾತ್ರವಿದೆಯೆಂದೂ, ಅದು ಹೆಚ್ಚಾದರೆ ಎಲೆಯ ಸಪ್ಪಳಕ್ಕೂ ಏನೋ ಗೂಢಾರ್ಥವಿದೆಯೆನಿಸುವುದೆಂದೂ ಒಂದು ವಿವರಣೆ ಇದೆ. ಕಾಕಾನಿಗೆ ಕೊಟ್ಟದ್ದು ಈ ಕ್ಲೋರ್‌ಪ್ರೊಮಜೀನೇ. ಮೂರು ವಾರಗಳಲ್ಲಿ ನಿದ್ರೆ ಬಂದಿತು. ಎರಡು ತಿಂಗಳಲ್ಲಿ ರೊಟ್ಟಿ ತಿಂದ. ಕೈ ನಡುಗತೊಡಗಿತು, ಬಾಯಿ ಒಣಗುತ್ತಿತ್ತು. ಚಹದ ಬಸಿ ಎತ್ತಿದರೆ ಅರ್ಧ ಚೆಲ್ಲುತ್ತಿದ್ದುದರಿಂದ ಅವನಿಗೆ ಗಿಂಡಿಯಲ್ಲಿ ಕೊಡುತ್ತಿದ್ದರು. ಇಂದಿನ ಔಷಧಗಳಲ್ಲಿ ಆ ನಡುಕ ಕಡಿಮೆ, ಆದರೆ ಕೆಲವು ಮೈಯನ್ನು ಬೊಜ್ಜಾಗಿಸುತ್ತವೆ. ಗುಣವಾಯಿತೆಂದು 1971ರಲ್ಲಿ ನಾವು ಗುಳಿಗೆ ನಿಲ್ಲಿಸಿದೆವು. ನಾಲ್ಕೇ ತಿಂಗಳಲ್ಲಿ ಹಗೇವಿನ ಬಾಯಿಗೆ ಮತ್ತೆ ಕಲ್ಲು ಬಿತ್ತು. ತಪ್ಪು ನಮ್ಮದು.

ಧಾರವಾಡಕ್ಕೆ ಹೋಗದೆಯೇ ಚಿಕಿತ್ಸೆ ಸಿಗಬೇಕೆಂಬ ವಿಚಾರ ನಮ್ಮ ನಾಡಿನಲ್ಲಿ ಮೊಳೆತದ್ದು ಆ ದಶಕದಲ್ಲಿ. 1954ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆದವು. ಅದೇ ಹೊತ್ತಿಗೆ ಡಾ. ಎಂ. ಶಿವರಾಂ, ನಮ್ಮ 'ಕೊರವಂಜಿ'ಯ ರಾಶಿಯವರು, ಮನೋರೋಗಗಳನ್ನು ಕುರಿತು ಕನ್ನಡದಲ್ಲಿ 'ಮನಮಂಥನ' ಬರೆದರು. 1976ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂದಿತು. ನಗಿಸುವ ವೈದ್ಯರೊಬ್ಬರು ಈ ವಿಷಯವನ್ನು ಜನರ ಮಾತಿಗೆ ತಂದದ್ದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಿದ್ದು ಬಳ್ಳಾರಿಯಲ್ಲಿ, 1985ರಿಂದ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಲಕ್ಷಣಗಳನ್ನು ಸರಳವಾಗಿ ಕಲಿಸಿ, ಗುಳಿಗೆಗಳನ್ನು ಅಲ್ಲಿಯೇ ಒದಗಿಸಿದರು. 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಮುಂದೆ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹಳ್ಳಿಗಳಲ್ಲಿಯೇ ಗುರುತಿಸಿ ಹಿಂಬಾಲಿಸಿದರು. ಔಷಧ ಪಡೆಯುತ್ತಿದ್ದವರು ಪಡೆಯದವರಿಗಿಂತ ದಿನನಿತ್ಯದ ಬಾಳಿನಲ್ಲಿ ಹೆಚ್ಚು ಸಮರ್ಥರಾಗಿದ್ದುದು ಕಂಡುಬಂದಿತು.

ಸರಪಳಿ ಮಾತ್ರ ಸುಲಭವಾಗಿ ಬಿಡಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಕಟ್ಟಿಹಾಕಿದ್ದ 28 ಮಂದಿ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಅವರನ್ನು ಅಲ್ಲಿ ಬಿಟ್ಟವರೂ ನಮ್ಮ ತಂದೆಯವರಂಥವರೇ ಇದ್ದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಿಗಿಯಬಾರದೆಂದು ಸ್ಪಷ್ಟವಾಗಿ ಹೇಳಿದೆ. 2022ರಿಂದ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಧಾರವಾಡದ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿದೆ. ಹೊರಗಿನ ಊರುಗಳಿಗೆ ಇಂದು ತುಬಚಿಯ ಹೆಸರು ಗೊತ್ತಿರುವುದು ಬಬಲೇಶ್ವರದೊಡನೆ ಜೋಡಿಸಿದ ಏತ ನೀರಾವರಿ ಯೋಜನೆಯಿಂದ. ನಮ್ಮ ಮನೆಯ ಹಗೇವನ್ನು ಅದಕ್ಕೂ ಬಹಳ ಮುಂಚೆಯೇ ಮಣ್ಣು ತುಂಬಿ ಮುಚ್ಚಿದೆವು.

ಕಾಕಾ ಮದುವೆಯಾಗಲಿಲ್ಲ. ಎಮ್ಮೆಗಳನ್ನು ನೋಡಿಕೊಂಡು, ಸಂಜೆ ಗುಳಿಗೆ ನುಂಗಿ, ಮೇಳದವರ ಹಿಂದೆ ಕುಳಿತು ಕೇಳುತ್ತಿದ್ದ. ತಾಳವನ್ನು ಮತ್ತೆ ಕೈಗೆ ತೆಗೆದುಕೊಂಡದ್ದು ಎಂಟು ವರ್ಷಗಳ ನಂತರ. ತೀರಿಕೊಳ್ಳುವ ಹಿಂದಿನ ವರ್ಷ, 1997ರಲ್ಲಿ, ಜಿಲ್ಲೆ ಬೇರೆಯಾಗಿ ನಾವು ಬಾಗಲಕೋಟೆಗೆ ಸೇರಿದ ದಿನಗಳಲ್ಲಿ, ಅಂಗಳದಲ್ಲಿ ಇಬ್ಬರೇ ಇದ್ದಾಗ ನಾನು ಧೈರ್ಯ ಮಾಡಿ ಕೇಳಿದೆ: "ಕಾಕಾ, ಅವರು ಹೋದ್ರೇನು?"

ಅವನು ಹಗೇವು ಇದ್ದ ಕಡೆಗೆ ಒಮ್ಮೆ ನೋಡಿದ. "ಅದಾರಪಾ," ಎಂದ. "ಈಗ ಸಣ್ಣ ದನೀಲೆ ಮಾತಾಡ್ತಾರ. ನಾ ಲಕ್ಷ್ಯ ಕೊಡೂದಿಲ್ಲ."